ಕಲ್ಲು ಹಾಕುವ ಮೊದಲು ಒಂದು ವರ್ಷ ಹೊಯಿಗೆ ಅಳೆಯಿರಿ

ಕರಾವಳಿಯ ಮೂರು ಜಿಲ್ಲೆಗಳ ಆಡಳಿತ ನೋಡಿಕೊಳ್ಳುವವರಿಗೆ, ಕಡಲ್ಕೊರೆತ ತಡೆಯಲು ದಂಡೆಗೆ ಕಲ್ಲು ಹಾಕುವ ಕಾಮಗಾರಿಗಳಿಗೆ ಸಹಿ ಹಾಕುವವರಿಗೆ, ಮತ್ತು ರಜೆ ಸಿಕ್ಕಾಗ ಬೀಚ್ ನೋಡಲು ಬರುವ ಎಲ್ಲರಿಗೂ ನಮಸ್ಕಾರ.

ನಾನು ಉಡುಪಿ ಜಿಲ್ಲೆಯ ಕೋಡಿಬೆಂಗ್ರೆಯವನು. ಮಲ್ಪೆಯಿಂದ ಬಡಗಿಗೆ, ಅಂದರೆ ಉತ್ತರಕ್ಕೆ, ಹೂಡೆ ದಾಟಿ ಬಂದರೆ ರಸ್ತೆ ಒಂದು ಸಪೂರ ನೆಲದ ಮೇಲೆ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಕೆಲವು ಕಡೆ ಎರಡೂ ಒಟ್ಟಿಗೇ ಕಾಣುತ್ತವೆ. ಹಾಗೇ ಹೋಗಿ ಹೋಗಿ ಒಂದು ಕಡೆ ನೆಲವೇ ಮುಗಿಯುತ್ತದೆ. ಸ್ವರ್ಣಾ ಮತ್ತು ಸೀತಾ ಹೊಳೆಗಳು ಸೇರಿ ಕಡಲಿಗೆ ಬೀಳುವ ಅಳಿವೆ ಅದು. ಹೊಳೆಯ ಆಚೆ ಹಂಗಾರಕಟ್ಟೆ, ಅಳಿವೆಯ ಆಚೆ ಕೋಡಿ ಕನ್ಯಾನ. ನಮ್ಮ ಮನೆಯ ಬಾವಿ ತೋಡುವಾಗ ಮುರಕಲ್ಲು ಸಿಗಲಿಲ್ಲ. ಮೇಲಿಂದ ಕೆಳಗಿನವರೆಗೆ ಹೊಯಿಗೆಯೇ.

ಹೊಯಿಗೆ ಅಂದರೆ ಮರಳು. ಮಂಗಳೂರಿನಲ್ಲಿ ಹೊಯಿಗೆ ಬಜಾರ್ ಇದೆಯಲ್ಲ, ಅದೇ ಹೊಯಿಗೆ. ನಾವು ಮನೆ ಕಟ್ಟಿರುವ ಈ ನೆಲವನ್ನು ಹೊಳೆ ಮತ್ತು ಕಡಲು ಸೇರಿ ತಂದು ಹಾಕಿವೆ. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಬಂಡೆಯ ಮೇಲೆ ಕೂತ ಊರಿಗೂ ಹೊಯಿಗೆಯ ಮೇಲೆ ಕೂತ ಊರಿಗೂ ಒಂದೇ ಔಷಧ ನಡೆಯುವುದಿಲ್ಲ.

ಹೋದ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ನಮ್ಮ ಕಡೆ ಕಡಲು ಜೋರಿತ್ತು. ತೆರೆ ಬಂದು ಗಾಳಿಮರದ ಬುಡಕ್ಕೆ ಹೊಡೆಯುತ್ತಿತ್ತು. ಜೀಪಿನಲ್ಲಿ ಇಬ್ಬರು ಬಂದರು, ಫೋಟೋ ತೆಗೆದರು, ಟೇಪ್ ಹಿಡಿದು ಅಳೆದರು, ಇಷ್ಟು ದಂಡೆ ಕಡಲುಪಾಲು ಅಂತ ಬರೆದುಕೊಂಡು ಹೋದರು. ಆಮೇಲೆ ಕಲ್ಲಿನ ಲಾರಿಗಳು ಬಂದವು. ಅವತ್ತು ನಾನೂ ಒಂದು ಕೆಲಸ ಮಾಡಿದೆ. ನಮ್ಮ ದೋಣಿ ಕಟ್ಟುವ ತೆಂಗಿನ ಮರದಿಂದ ನೀರಿನ ಅಂಚಿನವರೆಗೆ ಹೆಜ್ಜೆ ಹಾಕಿ ಎಣಿಸಿದೆ. 14 ಹೆಜ್ಜೆ. ಫೆಬ್ರವರಿಯಲ್ಲಿ ಅದೇ ಮರದಿಂದ, ನೀರು ಅಷ್ಟೇ ಇಳಿದಿದ್ದ ಹೊತ್ತಿಗೆ, ಮತ್ತೆ ಎಣಿಸಿದೆ. 47 ಹೆಜ್ಜೆ. ಯಾರೂ ತಂದು ಸುರಿದದ್ದಲ್ಲ. ತಾನೇ ವಾಪಸ್ ಬಂತು.

ಹಾಗಾದರೆ ಆಟಿಯಲ್ಲಿ ಅಷ್ಟು ಹೊಯಿಗೆ ಎಲ್ಲಿಗೆ ಹೋಗಿತ್ತು? ದೂರ ಎಲ್ಲಿಗೂ ಹೋಗಿರಲಿಲ್ಲ. ನಮ್ಮ ಕಣ್ಣೆದುರೇ, ನೀರಿನ ಅಡಿಯಲ್ಲಿತ್ತು.

ನಡು ಕಡಲಿನಲ್ಲಿ ಅಲೆ ಬರುವಾಗ ನೀರು ಮುಂದೆ ಬರುವುದಿಲ್ಲ. ಇದ್ದಲ್ಲೇ ಸುತ್ತು ಹೊಡೆಯುತ್ತದೆ. ಎರಡು ಅಲೆಗಳ ನಡುವೆ ಎಷ್ಟು ದೂರ ಇದೆಯೋ ಅದರ ಅರ್ಧದಷ್ಟು ಆಳದವರೆಗೆ ಆ ಸುತ್ತು ಇರುತ್ತದೆ. ದಡ ಹತ್ತಿರ ಬಂದ ಹಾಗೆ ಆಳ ಕಡಿಮೆಯಾಗಿ ಸುತ್ತು ನೆಲಕ್ಕೆ ತಾಗುತ್ತದೆ. ಅಲೆಯ ಕಾಲು ಕಟ್ಟಿದ ಹಾಗಾಗುತ್ತದೆ, ತಲೆ ಮುಂದೆ ಹೋಗುತ್ತದೆ, ಮಗುಚಿ ಬೀಳುತ್ತದೆ. ಎರಡು ಮೀಟರ್ ಎತ್ತರದ ಅಲೆ ಸುಮಾರು ಎರಡೂವರೆ ಮೀಟರ್ ಆಳ ಇರುವಲ್ಲಿ ಒಡೆಯುತ್ತದೆ. ಒಡೆದ ನೀರೆಲ್ಲ ದಡದ ಮೇಲೆ ರಾಶಿ ಬೀಳುತ್ತದೆ. ಅದು ವಾಪಸ್ ಹೋಗಲೇಬೇಕಲ್ವಾ? ಮೇಲಿಂದ ಇನ್ನೊಂದು ಅಲೆ ಬರುತ್ತಿರುವುದರಿಂದ ಅಡಿಯಿಂದ ಹೋಗುತ್ತದೆ, ಹೋಗುವಾಗ ದಂಡೆಯ ಹೊಯಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಅಲೆ ಒಡೆಯುವ ಗೆರೆಯ ಆಚೆ ಇದಕ್ಕೆ ತದ್ವಿರುದ್ಧ. ಅಲ್ಲಿ ಪ್ರತಿ ಅಲೆಯೂ ನೆಲದ ಹೊಯಿಗೆಯನ್ನು ಚೂರು ಚೂರೇ ದಡದ ಕಡೆಗೆ ನೂಕುತ್ತಿರುತ್ತದೆ. ಈ ಕಡೆಯಿಂದ ಎಳೆದದ್ದು, ಆ ಕಡೆಯಿಂದ ನೂಕಿದ್ದು, ಎರಡೂ ಅಲೆ ಒಡೆಯುವ ಜಾಗದಲ್ಲಿ ಸೇರುತ್ತವೆ. ಅಲ್ಲಿ ದಿಬ್ಬ ಏಳುತ್ತದೆ. ದಡಕ್ಕೆ ಸಮನಾಗಿ, ಉದ್ದಕ್ಕೆ.

ಈ ದಿಬ್ಬ ಒಮ್ಮೆ ಎದ್ದ ಮೇಲೆ ಅದೇ ಕಾವಲು ಕಾಯುತ್ತದೆ. ದೊಡ್ಡ ಅಲೆ ಬಂದರೆ ದಡದ ಹತ್ತಿರ ಬರುವ ಮೊದಲೇ ದಿಬ್ಬದ ಮೇಲೆ ಒಡೆಯುತ್ತದೆ, ಅರ್ಧ ಬಲ ಅಲ್ಲೇ ಮುಗಿಯುತ್ತದೆ. ಮಳೆಗಾಲದಲ್ಲಿ ನಮ್ಮ ದಂಡೆಯಲ್ಲಿ ನಿಂತು ನೋಡಿ. ದೂರದಲ್ಲಿ ಒಂದು ಬಿಳಿ ಗೆರೆ ಕಾಣುತ್ತದೆ, ಆಮೇಲೆ ಸ್ವಲ್ಪ ಬಯಲು, ಆಮೇಲೆ ದಡದಲ್ಲಿ ಇನ್ನೊಂದು ಬಿಳಿ ಗೆರೆ. ಆ ದೂರದ ಬಿಳಿ ಗೆರೆಯ ಅಡಿಯಲ್ಲಿ ಇರುವುದೇ ನೀವು ಕಡಲುಪಾಲು ಅಂತ ಬರೆದುಕೊಂಡ ಹೊಯಿಗೆ. ಮಳೆಗಾಲ ಮುಗಿದು ಅಲೆ ಸಣ್ಣದಾದ ಮೇಲೆ ಎಳೆತ ಕಡಿಮೆಯಾಗುತ್ತದೆ, ನೂಕುವುದು ಜಾಸ್ತಿಯಾಗುತ್ತದೆ. ದಿಬ್ಬ ನಿಧಾನಕ್ಕೆ ದಡದ ಕಡೆಗೆ ಸರಿದು ಬಂದು ದಂಡೆಗೆ ಅಂಟಿಕೊಳ್ಳುತ್ತದೆ. ನವರಾತ್ರಿಗೆ ಶುರುವಾದರೆ ಶಿವರಾತ್ರಿಯ ಹೊತ್ತಿಗೆ ದಂಡೆ ತುಂಬಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಬೇಸಿಗೆಯಲ್ಲಿ ದಂಡೆಯ ಮೇಲ್ಭಾಗದಲ್ಲಿ ಮೊಣಕಾಲಷ್ಟು ಆಳದ ಗುಂಡಿ ತೋಡಿ. ಗುಂಡಿಯ ಬದಿಯನ್ನು ಅಂಗೈಯಿಂದ ಸವರಿ ಸಮ ಮಾಡಿ. ಬಿಳಿ ಹೊಯಿಗೆಯ ನಡುವೆ ಕಾಡಿಗೆ ಎಳೆದ ಹಾಗೆ ಕಪ್ಪು ಗೆರೆಗಳು ಕಾಣುತ್ತವೆ. ಕೆಲವು ದಾರದಷ್ಟು ಸಪೂರ, ಕೆಲವು ಬೆರಳಿನಷ್ಟು ದಪ್ಪ. ಆ ಕಪ್ಪು ಹೊಯಿಗೆಯನ್ನು ಬೊಗಸೆಯಲ್ಲಿ ಹಿಡಿದರೆ ಬಿಳಿಯದಕ್ಕಿಂತ ಭಾರ ಅಂತ ಕೈಗೇ ಗೊತ್ತಾಗುತ್ತದೆ. ಮ್ಯಾಗ್ನೆಟೈಟ್, ಇಲ್ಮನೈಟ್‌ನಂಥ ಕಬ್ಬಿಣದ ಅಂಶ ಇರುವ ಕಣಗಳು ಅವು. ಒಂದು ಅಯಸ್ಕಾಂತ ತಂದರೆ ಅವುಗಳಲ್ಲಿ ಮ್ಯಾಗ್ನೆಟೈಟ್ ಕಣಗಳು ಮೀಸೆ ಬಂದ ಹಾಗೆ ಅಂಟಿಕೊಳ್ಳುತ್ತವೆ. ಜೋರು ತೆರೆ ಬಂದಾಗ ಹಗುರ ಬಿಳಿ ಹೊಯಿಗೆ ಎಳೆದುಕೊಂಡು ಹೋಗುತ್ತದೆ, ಭಾರದ ಕಪ್ಪು ಕಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬಿಳಿ ಬಂದು ಕೂರುತ್ತದೆ. ದಂಡೆ ಬರೆದಿಟ್ಟ ಡೈರಿ ಇದು. ನಮ್ಮಜ್ಜ ಇದನ್ನು ನನಗೆ ತೋರಿಸಿದಾಗ ನಾನು ಐದನೇ ಕ್ಲಾಸು. ಅಜ್ಜನಿಗೆ ಇಲ್ಮನೈಟ್ ಅನ್ನುವ ಹೆಸರು ಗೊತ್ತಿರಲಿಲ್ಲ. ಆದರೆ ಈ ಕಪ್ಪು ಗೆರೆ ಕಡಲು ಬಂದು ಹೋದ ಗುರುತು ಅಂತ ಗೊತ್ತಿತ್ತು.

ಇನ್ನು ಹೊಯಿಗೆ ಬರೀ ಒಳಗೆ ಹೊರಗೆ ಹೋಗುವುದಲ್ಲ, ದಡದ ಉದ್ದಕ್ಕೂ ನಡೆಯುತ್ತದೆ. ಜನವರಿಯ ಬೆಳಿಗ್ಗೆ ಒಂದು ತೆಂಗಿನ ಸಿಪ್ಪೆಯನ್ನು ತೆರೆಗೆ ಎಸೆದು ಕೂತು ನೋಡಿ. ಅಲೆ ಓರೆಯಾಗಿ ಬಂದು ಸಿಪ್ಪೆಯನ್ನು ಓರೆಯಾಗಿ ಮೇಲೆ ತರುತ್ತದೆ, ನೀರು ಇಳಿಯುವಾಗ ನೇರ ಕೆಳಗೆ ಇಳಿಸುತ್ತದೆ. ಮತ್ತೆ ಓರೆ, ಮತ್ತೆ ನೇರ. ಅರ್ಧ ಗಂಟೆಯಲ್ಲಿ ಸಿಪ್ಪೆ ಎಷ್ಟೋ ಮಾರು ಬಡಗಿಗೆ ಹೋಗಿರುತ್ತದೆ. ಹೊಯಿಗೆಯ ಒಂದೊಂದು ಕಾಳೂ ಹಾಗೇ ನಡೆಯುತ್ತದೆ. ಹೀಗೆ ನಡೆಯುತ್ತಾ ಹೋಗುವಾಗ ದಡ ಒಮ್ಮೆಲೇ ಒಳಗೆ ತಿರುಗಿತು, ಅಂದರೆ ಹೊಳೆಯ ಬಾಯಿ ಬಂತು ಅಂತಿಟ್ಟುಕೊಳ್ಳಿ, ಹೊಯಿಗೆಗೆ ತಿರುಗಲು ಆಗುವುದಿಲ್ಲ. ಬಂದ ದಿಕ್ಕಿನಲ್ಲೇ ಮುಂದೆ ಹೋಗಿ ಬೀಳುತ್ತದೆ, ಬಿದ್ದದ್ದರ ಮೇಲೆ ಇನ್ನಷ್ಟು ಬೀಳುತ್ತದೆ, ಕೊನೆಗೆ ಹೊಳೆಯ ಎದುರಿಗೆ ಉದ್ದನೆಯ ನಾಲಿಗೆ ಬೆಳೆಯುತ್ತದೆ. ಹೊಳೆ ಕಡಲನ್ನು ಕಂಡರೂ ನೇರ ಸೇರಲಾಗದೆ ಅದರ ಹಿಂದೆ ಹಿಂದೆ ಹರಿದು ತುದಿಯಲ್ಲಿ ಜಾಗ ಹುಡುಕಿಕೊಳ್ಳುತ್ತದೆ.

ನಮ್ಮ ಕೋಡಿಬೆಂಗ್ರೆ ಅಂಥ ನಾಲಿಗೆ. ಗಂಗೊಳ್ಳಿಯ ಎದುರಿಗಿರುವ ಕುಂದಾಪುರದ ಕೋಡಿ ಅಂಥದ್ದೇ. ಮಂಗಳೂರಿನಲ್ಲಿ ತಣ್ಣೀರುಬಾವಿಯಿಂದ ಬೆಂಗ್ರೆಯವರೆಗೆ ತೆಂಕಿಗೆ (ದಕ್ಷಿಣಕ್ಕೆ) ಒಂದು ನಾಲಿಗೆ, ಉಳ್ಳಾಲದಿಂದ ಬಡಗಿಗೆ ಇನ್ನೊಂದು, ನಡುವೆ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ಅಳಿವೆ. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಸೇರಿ ಕಡಲಿಗೆ ಹೋಗುವುದೂ ಹೀಗೆಯೇ. ಮರವಂತೆಯಲ್ಲಂತೂ ಸೌಪರ್ಣಿಕೆ ಕಡಲಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು, ಹೆದ್ದಾರಿಯ ಬದಿಯಲ್ಲೇ ತಿರುಗಿ ಹೋಗುತ್ತದೆ. ಹೆದ್ದಾರಿ 66ರಲ್ಲಿ ಹೋಗುವವರೆಲ್ಲ ಅಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಭೂಮಿಯ ಲೆಕ್ಕದಲ್ಲಿ ಇವೆಲ್ಲ ಎಳೆಯ ನೆಲ. 20,000 ವರ್ಷಗಳ ಹಿಂದೆ ಹಿಮಯುಗದಲ್ಲಿ ಕಡಲು ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿ ಕಡಲು ಏರಿ ಹೆಚ್ಚು ಕಡಿಮೆ ಈಗಿನ ಮಟ್ಟಕ್ಕೆ ಬಂದು ನಿಂತದ್ದು ಆರೇಳು ಸಾವಿರ ವರ್ಷಗಳ ಹಿಂದೆ. ಈ ನಾಲಿಗೆಗಳು ಬೆಳೆದದ್ದು ಅದರ ನಂತರ. ಇನ್ನೂ ಬೆಳೆಯುತ್ತಿವೆ, ಕರಗುತ್ತಿವೆ, ಸರಿಯುತ್ತಿವೆ.

ಈಗ ಒಂದು ಮುಖ್ಯ ಮಾತು. ಬಂಗಾಳ ಕೊಲ್ಲಿಯ ಕಡೆ, ತಮಿಳುನಾಡಿನ ದಡದಲ್ಲಿ, ವರ್ಷದ ಒಟ್ಟು ಲೆಕ್ಕ ನೋಡಿದರೆ ಹೊಯಿಗೆ ಬಡಗಿಗೇ ನಡೆಯುತ್ತದೆ. ಚೆನ್ನೈ ಬಂದರಿಗೆ 19ನೇ ಶತಮಾನದ ಕೊನೆಯಲ್ಲಿ ಕಲ್ಲಿನ ಕೈಗಳನ್ನು ಕಟ್ಟಿದಾಗ ತೆಂಕಿನಲ್ಲಿ ಹೊಯಿಗೆ ನಿಂತು ಮರೀನಾ ಬೀಚ್ ಅಗಲವಾಯಿತು, ಬಡಗಿನ ರಾಯಪುರಂ ಕೊರೆದು ಹೋಯಿತು. ಒಬ್ಬರ ಅಂಗಳ ತುಂಬಿದ್ದು ಇನ್ನೊಬ್ಬರ ಅಂಗಳದ ಹೊಯಿಗೆಯಿಂದ. ಪುದುಚೇರಿಯಲ್ಲಿ 1980ರ ದಶಕದ ಕೊನೆಯಲ್ಲಿ ಬಂದರು ಕಟ್ಟಿದ ಮೇಲೆ ಊರಿನ ಎದುರಿನ ಬೀಚೇ ಹೋಗಿ ಬರೀ ಕಲ್ಲು ಉಳಿಯಿತು. ನಮ್ಮ ಕಡೆ ಲೆಕ್ಕ ಇಷ್ಟು ಸುಲಭ ಅಲ್ಲ. ಮಳೆಗಾಲದ ಅಲೆ ಬರುವ ಓರೆಯೇ ಬೇರೆ, ಬೇಸಿಗೆಯ ಅಲೆ ಬರುವ ಓರೆಯೇ ಬೇರೆ. ಕೆಲವು ತಿಂಗಳು ಹೊಯಿಗೆ ತೆಂಕಿಗೆ ನಡೆದರೆ ಕೆಲವು ತಿಂಗಳು ಬಡಗಿಗೆ ನಡೆಯುತ್ತದೆ. ಯಾವ ದಡದಲ್ಲಿ ಕೊನೆಗೆ ಎಷ್ಟು ಉಳಿಯಿತು, ಎಷ್ಟು ಹೋಯಿತು ಅಂತ ತಿಳಿಯಬೇಕಾದರೆ ಒಂದು ವರ್ಷ ಪೂರ್ತಿ ನೋಡಲೇಬೇಕು. ಜುಲೈಯಲ್ಲಿ ಒಂದು ದಿನ ಬಂದು ಅಳೆದರೆ ಸಾಲುವುದಿಲ್ಲ. ದೇಶದ ಕರಾವಳಿಯ ಸುಮಾರು ಮೂರನೇ ಒಂದು ಭಾಗ ನಿಜವಾಗಿಯೂ ಕೊರೆಯುತ್ತಿದೆ ಅಂತ ಕೇಂದ್ರದ ಕರಾವಳಿ ಸಂಶೋಧನಾ ಕೇಂದ್ರ ದಶಕಗಳ ಉಪಗ್ರಹ ಚಿತ್ರ ನೋಡಿ ಹೇಳಿದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಳೆಗಾಲಕ್ಕೆ ಹೋಗಿ ಬೇಸಿಗೆಗೆ ಬರುವುದು ಬೇರೆ, ಹೋಗಿ ಬಾರದೇ ಇರುವುದು ಬೇರೆ. ಎರಡಕ್ಕೂ ಒಂದೇ ಕಲ್ಲು ಹಾಕುತ್ತಿದ್ದೀರಿ.

ಕಲ್ಲು ಹಾಕಿದರೆ ಏನಾಗುತ್ತದೆ ಅಂತ ನಾವು ಪ್ರತಿ ವರ್ಷ ನೋಡುತ್ತೇವೆ. ಇಳಿಜಾರಿನ ಹೊಯಿಗೆಯ ಮೇಲೆ ತೆರೆ ಹತ್ತಿ ದಣಿದು ಇಳಿಯುತ್ತದೆ, ನೀರು ಅರ್ಧ ಹೊಯಿಗೆಯೊಳಗೇ ಇಂಗುತ್ತದೆ. ಕಲ್ಲಿಗೆ ಬಡಿದ ತೆರೆ ಬಂದಷ್ಟೇ ಸಿಟ್ಟಿನಲ್ಲಿ ವಾಪಸ್ ಹೋಗುತ್ತದೆ, ಕಲ್ಲಿನ ಬುಡದ ಹೊಯಿಗೆಯನ್ನು ತೋಡುತ್ತದೆ. ಬುಡ ಖಾಲಿಯಾದ ಮೇಲೆ ಕಲ್ಲು ಕೆಳಗೆ ಕೂರುತ್ತದೆ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು ಸಾಲು. ಕಲ್ಲಿನ ಸಾಲು ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಮನೆಯ ಅಂಗಳದಲ್ಲಿ ಕೊರೆತ ಜೋರಾಗುತ್ತದೆ. ಆಮೇಲೆ ಆ ಮನೆಯವರೂ ಕಲ್ಲು ಬೇಕು ಅಂತ ಕೇಳುತ್ತಾರೆ. ಅವರ ತಪ್ಪೇನೂ ಇಲ್ಲ, ರಾತ್ರಿ ತೆರೆಯ ಸದ್ದು ಗೋಡೆಗೆ ತಾಗುವಾಗ ಯಾರಾದರೂ ಕೇಳುತ್ತಾರೆ. ಮನೆಯೇ ಬೀಳುವ ಹಾಗಿದ್ದರೆ ಅವತ್ತಿಗೆ ಕಲ್ಲು ಹಾಕಲೇಬೇಕು, ಬೇಡ ಅನ್ನುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ಎದುರಿಗೆ ಮನೆಯೂ ಇಲ್ಲ, ರಸ್ತೆಯೂ ಇಲ್ಲ, ಬರೀ ಗಾಳಿಮರ ಇರುವಲ್ಲೂ ಕಲ್ಲು ಬಂದಿದೆ. ಅಲ್ಲಿ ಈಗ ಕೈರಂಪಣಿ ಬಲೆ ಎಳೆಯಲು ಜಾಗ ಇಲ್ಲ, ನಾಡದೋಣಿ ಮೇಲೆ ತರಲು ದಾರಿ ಇಲ್ಲ. ಕಡಲಾಮೆ ಮೊಟ್ಟೆ ಇಡಲು ಬಂದರೆ ಕಲ್ಲಿಗೆ ಮುಖ ಹೊಡೆದು ವಾಪಸ್ ಹೋಗಬೇಕು.

ಅಳಿವೆಯ ದಿಬ್ಬದ ವಿಷಯಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ನಿಜವಾದ ಕಾರಣ ಅದು.

ಆಗುಂಬೆಯ ಕಡೆ ಬೀಳುವ ಮಳೆ ನಿಮಗೆ ಗೊತ್ತು. ವರ್ಷಕ್ಕೆ 7000 ಮಿಲಿಮೀಟರ್ ದಾಟುವುದಿದೆ. ಆ ನೀರು ಘಟ್ಟದ ಕಲ್ಲು ಮಣ್ಣು ಅರೆದು ಸೀತಾ ಹೊಳೆಯಲ್ಲಿ ನಮ್ಮಲ್ಲಿಗೆ ತರುತ್ತದೆ. ನೆರೆ ಬಂದಾಗ ಹೊಳೆಗೆ ಬಲ ಇರುತ್ತದೆ, ಹೊಯಿಗೆಯನ್ನು ಅಳಿವೆಯ ಹೊರಗೆ ಎಸೆಯುತ್ತದೆ. ಮಳೆ ನಿಂತ ಮೇಲೆ ಹೊಳೆ ಸೊರಗುತ್ತದೆ, ಕಡಲು ಅದೇ ಹೊಯಿಗೆಯನ್ನು ಬಾಯಿಗೆ ತಂದು ತುರುಕುತ್ತದೆ. ಅಳಿವೆಯಲ್ಲಿ ದಿಬ್ಬ ಏಳುತ್ತದೆ. ಅದರ ಮೇಲೆ ನೀರು ಸೊಂಟದಷ್ಟೂ ಇರುವುದಿಲ್ಲ, ಅಲೆ ಅಲ್ಲೇ ಒಡೆಯುತ್ತದೆ. ದೋಣಿ ದಾಟುವಾಗ ಅಡಿ ತಾಗಿದರೆ ಹಿಂದಿನ ಅಲೆ ಬಂದು ಅಡ್ಡ ಮಗುಚುತ್ತದೆ. ನಮ್ಮ ಕೇರಿಯಲ್ಲಿ ಅಳಿವೆಯಲ್ಲಿ ಜನ ಕಳೆದುಕೊಂಡ ಮನೆಗಳಿವೆ. ಹಾಗಾಗಿ ದಿಬ್ಬ ತೆಗೆಯಬೇಡಿ ಅಂತ ನಾನು ಹೇಳುವುದಿಲ್ಲ. ದಾರಿ ಆಗಬೇಕು, ದೋಣಿ ದಾಟಬೇಕು.

ತೆಗೆದ ಹೊಯಿಗೆ ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ಪ್ರಶ್ನೆ. 2011ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ಪ್ರಕಾರ ಈ ವಲಯದಲ್ಲಿ ಮರಳುಗಾರಿಕೆ ಮಾಡುವ ಹಾಗಿರಲಿಲ್ಲ. ದೋಣಿ ಓಡಾಟಕ್ಕೆ ಅಡ್ಡಿಯಾಗುವ ದಿಬ್ಬ ತೆರವು ಮಾಡಲು ಮಾತ್ರ, ಕೈಯಿಂದ ತೆಗೆಯುವ ಸಾಂಪ್ರದಾಯಿಕ ಕಸುಬಿನವರಿಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿ ಪರವಾನಗಿ ಕೊಡುವ ಕ್ರಮ ನಮ್ಮ ಜಿಲ್ಲೆಗಳಲ್ಲಿ ಬಂತು. ತೆಗೆದ ಹೊಯಿಗೆ ಲಾರಿ ಹತ್ತಿ ಕಟ್ಟಡಕ್ಕೆ ಹೋಯಿತು. ಆ ಕಸುಬಿನವರ ಹೊಟ್ಟೆಪಾಡು ನನಗೆ ಗೊತ್ತು, ಅವರೂ ನಮ್ಮವರೇ. ಆದರೆ ಲೆಕ್ಕ ನೋಡಿ. ಹೊಳೆಯ ಮೇಲ್ಭಾಗದಲ್ಲಿ ಕಿಂಡಿ ಅಣೆಕಟ್ಟು ಕಟ್ಟಿ ಅಷ್ಟು ಹೊಯಿಗೆ ತಡೆದಿದ್ದೇವೆ. ನಡುವೆ ಹೊಳೆಯಿಂದ ಅಷ್ಟು ತೆಗೆದಿದ್ದೇವೆ. ಅಳಿವೆಗೆ ಬಂದು ತಲುಪಿದ್ದನ್ನೂ ಲಾರಿಗೆ ಹತ್ತಿಸಿದರೆ ದಂಡೆಗೆ ಹೋಗುವುದು ಏನು? ಕಡಲಿಗೆ ತಿನ್ನಲು ದಂಡೆ ಬೇಕು, ಅದಕ್ಕೆ ವಾಪಸ್ ಕೊಡಲು ಏನೂ ಇರುವುದಿಲ್ಲ. ಒಂದು ಕಡೆ ಅಳಿವೆಯ ಹೊಯಿಗೆ ಮಾರಿ, ಇನ್ನೊಂದು ಕಡೆ ಎರಡು ಕಿಲೋಮೀಟರ್ ಆಚೆ ಕೊರೆತಕ್ಕೆ ಕೋಟಿ ಕೋಟಿಯ ಕಲ್ಲು ಹಾಕುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಅದೇ ಹೊಯಿಗೆಯನ್ನು ಕೊರೆದ ದಂಡೆಗೆ ಹಾಕಬಹುದು. ವಿಶಾಖಪಟ್ಟಣದಲ್ಲಿ ಬಂದರಿನ ಹೊಯಿಗೆ ಎತ್ತಿ ಊರಿನ ಬೀಚಿಗೆ ಹಾಕುತ್ತಾರೆ. ಪುದುಚೇರಿಯಲ್ಲಿ 2018ರ ಹೊತ್ತಿಗೆ ಕಡಲೊಳಗೆ ನೀರಿನಡಿಯ ತಡೆ ಇಟ್ಟು, ಹೊಯಿಗೆ ತುಂಬಿ, ಕಳೆದುಹೋದ ಬೀಚನ್ನು ಸ್ವಲ್ಪ ಮಟ್ಟಿಗೆ ವಾಪಸ್ ತಂದರು. ನಮ್ಮಲ್ಲೇ ಉಳ್ಳಾಲ ಇದೆ. ನೇತ್ರಾವತಿ ಅಳಿವೆಗೆ 1990ರ ದಶಕದಲ್ಲಿ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಕೈ, ಬಂತು, ತೆಂಕಿನ ಉಳ್ಳಾಲದಲ್ಲಿ ಮನೆಗಳು, ತೋಟಗಳು ಹೋದವು. 2010ರಲ್ಲಿ ಮಂಜೂರಾದ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ಯೋಜನೆಯಲ್ಲಿ ಅಲ್ಲಿ ಕಡಲೊಳಗೆ ರೀಫ್ ಕಟ್ಟಿದರು. ನೀರಿನಡಿಯ ದಿಬ್ಬ ಮಾಡುವ ಕೆಲಸವನ್ನೇ ಆ ರೀಫ್ ಮಾಡುತ್ತದೆ, ಅಲೆಯನ್ನು ದೂರದಲ್ಲೇ ಒಡೆಯುತ್ತದೆ. ಆದರೂ ಇನ್ನೂ ತೆಂಕಿಗೆ ಹೋದರೆ ಸೋಮೇಶ್ವರ ಉಚ್ಚಿಲದಲ್ಲಿ ಮಳೆಗಾಲ ಬಂತೆಂದರೆ ಮತ್ತೆ ಅದೇ ಸುದ್ದಿ. ಒಂದು ತುಂಡು ದಡಕ್ಕೆ ಮದ್ದು ಮಾಡಿ ಪಕ್ಕದ ತುಂಡನ್ನು ಬಿಟ್ಟರೆ ಹೀಗಾಗುತ್ತದೆ.

ದಂಡೆಯ ಮೇಲಿನ ಬಳ್ಳಿಯನ್ನೂ ಕೀಳದೆ ಹಾಗೇ ಬಿಟ್ಟುಬಿಡಿ. ಆಡಿನ ಹೆಜ್ಜೆಯ ಆಕಾರದ ಎಲೆ, ನೇರಳೆ ಹೂ ಬಿಡುವ ಬಂಗಡೆ ಬಳ್ಳಿ, ಚೂಪು ಎಲೆಯ ರಾವಣನ ಮೀಸೆ ಹುಲ್ಲು. ಗಾಳಿಗೆ ಹಾರಿ ಬರುವ ಹೊಯಿಗೆಯನ್ನು ಇವು ಹಿಡಿದು ನಿಲ್ಲಿಸಿ ದಿಣ್ಣೆ ಮಾಡುತ್ತವೆ. ಆಟಿಯ ಕಡಲಿಗೆ ಎಳೆಯಲು ಬೇಕಾದ ಹೊಯಿಗೆಯ ಕಣಜ ಆ ದಿಣ್ಣೆ. ಬೀಚ್ ಚಂದ ಮಾಡುತ್ತೇವೆ ಅಂತ ಜೆಸಿಬಿ ತಂದು ಅದನ್ನು ಮಟ್ಟ ಮಾಡಿ ಇಂಟರ್‌ಲಾಕ್ ಹಾಕುತ್ತಾರೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಲ್ಲೂ ಮರಳಿನ ದಿಣ್ಣೆ ಅತಿ ಹೆಚ್ಚು ರಕ್ಷಣೆ ಇರುವ ವರ್ಗದಲ್ಲೇ ಇದೆ.

ಬೀಚಿಗೆ ಬರುವವರಿಗೆ ಎರಡು ಮಾತು. ದಿಬ್ಬದ ಒಳಗೆ ತುಂಬಿದ ನೀರು ಹೊರಗೆ ಹೋಗಲು ದಿಬ್ಬದಲ್ಲಿ ಅಲ್ಲಲ್ಲಿ ಬಾಗಿಲು ಮಾಡಿಕೊಳ್ಳುತ್ತದೆ. ಆ ಬಾಗಿಲಲ್ಲಿ ಆಳ ಜಾಸ್ತಿ, ಅಲೆ ಒಡೆಯುವುದಿಲ್ಲ. ದಡದಿಂದ ನೋಡುವವರಿಗೆ ಎರಡು ಬಿಳಿ ನೊರೆಯ ನಡುವೆ ಕಪ್ಪಗಿನ ಶಾಂತ ಪಟ್ಟಿ ಕಾಣುತ್ತದೆ. ಇಲ್ಲಿ ಅಲೆ ಇಲ್ಲ, ಮಕ್ಕಳನ್ನು ಇಲ್ಲೇ ಇಳಿಸೋಣ ಅನ್ನಿಸುತ್ತದೆ. ಅಲ್ಲೇ ಸೆಳೆತ ಇರುವುದು. ಒಳ್ಳೆಯ ಈಜುಗಾರನನ್ನೂ ಹೊರಗೆ ಎಳೆಯುತ್ತದೆ. ಸಿಕ್ಕಿಬಿದ್ದರೆ ದಡಕ್ಕೆ ನೇರ ಈಜಬೇಡಿ, ಸುಸ್ತಾಗುತ್ತೀರಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ, ಆ ಪಟ್ಟಿಯಿಂದ ಹೊರಗೆ ಬಂದ ಮೇಲೆ ಅಲೆಯ ಜೊತೆ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ. ಇವತ್ತು ಎಲ್ಲಿ ಬಾಗಿಲಿದೆ ಅಂತ ಊರಿನ ಮೀನುಗಾರರನ್ನು ಕೇಳಿ, ಹೇಳುತ್ತಾರೆ. ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲ.

ಅಧಿಕಾರಿಗಳಲ್ಲಿ ನಾನು ಕೇಳುವುದು ಇಷ್ಟು. ಯಾವ ದಂಡೆಗೆ ಕಲ್ಲು ಹಾಕಬೇಕು ಅನ್ನಿಸುತ್ತದೋ ಅಲ್ಲಿ ಮೊದಲು ಒಂದು ಗಟ್ಟಿ ಗುರುತು ನೆಡಿ, ಒಂದು ಮಳೆಗಾಲ ಒಂದು ಬೇಸಿಗೆ ತಿಂಗಳಿಗೊಮ್ಮೆ ಅಳೆಯಿರಿ, ಅಳತೆಯನ್ನು ಪಂಚಾಯತಿನ ಬೋರ್ಡಿನಲ್ಲಿ ಹಾಕಿ. ಇದಕ್ಕೆ ದೊಡ್ಡ ಖರ್ಚಿಲ್ಲ, ನಮ್ಮ ಶಾಲೆಯ ಮಕ್ಕಳೂ ಮಾಡಬಲ್ಲರು. ಅಳಿವೆಯಿಂದ ತೆಗೆದ ಹೊಯಿಗೆಯಲ್ಲಿ ಮೊದಲ ಪಾಲು ಅದೇ ಅಳಿವೆಯ ಅಕ್ಕಪಕ್ಕದ ಕೊರೆದ ದಂಡೆಗೆ ಹೋಗಲಿ, ಅದನ್ನು ಹೊತ್ತು ಹಾಕುವ ಕೂಲಿ ಈಗ ದಿಬ್ಬ ತೆಗೆಯುವವರಿಗೇ ಸಿಗಲಿ. ಹೊಸ ಬ್ರೇಕ್‌ವಾಟರ್ ಕಟ್ಟುವುದಾದರೆ ಅದರ ಎರಡೂ ಬದಿಯ ಊರಿನವರನ್ನು ಕೂರಿಸಿ ಮಾತಾಡಿ, ಬಂದರಿನ ಊರಿನವರನ್ನು ಮಾತ್ರ ಅಲ್ಲ.

ಮತ್ತೆ ಒಮ್ಮೆ ಬನ್ನಿ. ಈ ಸಲ ಆಟಿಯಲ್ಲಿ ಬೇಡ, ಕುಂಭ ಮಾಸದಲ್ಲಿ (ಫೆಬ್ರವರಿ-ಮಾರ್ಚ್), ನೀರು ಇಳಿದಿರುವ ಹೊತ್ತಿಗೆ. ದೋಣಿ ಕಟ್ಟುವ ತೆಂಗಿನ ಮರ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅದಕ್ಕೆ ನಾನು ಕೆಂಪು ಪೈಂಟಿನಲ್ಲಿ ಗೆರೆ ಎಳೆದು ತಿಂಗಳು ತಿಂಗಳ ಹೆಜ್ಜೆಯ ಲೆಕ್ಕ ಬರೆದಿಟ್ಟಿದ್ದೇನೆ. ಒಂದು ಗುದ್ದಲಿ ನನ್ನ ಹತ್ತಿರ ಇದೆ, ಗುಂಡಿ ನಾನೇ ತೋಡುತ್ತೇನೆ. ಕಪ್ಪು ಗೆರೆಗಳನ್ನು ಒಟ್ಟಿಗೆ ಕೂತು ಎಣಿಸೋಣ.

ಇಂತಿ,
ಕೋಡಿಬೆಂಗ್ರೆಯ ಒಬ್ಬ ನಿವಾಸಿ